ಜರ್ಮನ್ ಶೆಫರ್ಡ್: ಹೊಲದ ಬದುವಿನಿಂದ ಮನೆಯಂಗಳಕ್ಕೆ

ಜರ್ಮನ್ ಶೆಫರ್ಡ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಪೊಲೀಸ್ ಶ್ವಾನದಳ, ಇಲ್ಲವೇ ಗೇಟಿಗೆ ನೇತುಹಾಕಿದ ‘ನಾಯಿ ಇದೆ ಎಚ್ಚರಿಕೆ’ ಬೋರ್ಡು. ಇದು ಕುರಿ ಕಾಯುವ ನಾಯಿ ಎಂಬುದು ಹೆಸರಿನಲ್ಲೇ ಇದ್ದರೂ ಆ ಕಸುಬು ಹೇಗಿತ್ತು ಎಂದು ವಿಚಾರಿಸುವವರು ಕಡಿಮೆ. ಮರಿ ತರುವ ಮೊದಲೇ ವಿಚಾರಿಸಬೇಕು. ಈ ನಾಯಿಯ ಮೈಕಟ್ಟು, ನಡಿಗೆ, ಬುದ್ಧಿ, ಮನೆಯಲ್ಲಿ ಅದು ಎಬ್ಬಿಸುವ ರಂಪ, ಎಲ್ಲದರ ಬೇರು ಅಲ್ಲಿದೆ. ಸಾಕುವ ಕ್ರಮವೂ ಅಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬೇಲಿಯಿಲ್ಲದ ಹೊಲಗಳ ನಾಯಿ

ಮಧ್ಯ ಜರ್ಮನಿಯ ತುರಿಂಗಿಯಾ, ದಕ್ಷಿಣದ ವುರ್ಟೆಂಬರ್ಗ್ ಸೀಮೆಗಳಲ್ಲಿ ಕುರಿ ಮೇಯುವ ಹುಲ್ಲಿನ ಪಟ್ಟಿಗೂ ಪಕ್ಕದ ಬೆಳೆಗೂ ನಡುವೆ ಬೇಲಿ ಇರುತ್ತಿರಲಿಲ್ಲ. ಇದ್ದದ್ದು ಒಂದು ನೇಗಿಲ ಸಾಲು, ಕೆಲವು ಕಡೆ ಸಣ್ಣ ಬದು. ಕುರಿಗಾಹಿ ಇನ್ನೂರು ಮುನ್ನೂರು ಕುರಿಗಳನ್ನು ಆ ಪಟ್ಟಿಗೆ ಬಿಟ್ಟರೆ, ಒಂದೇ ಒಂದು ಕುರಿಯೂ ಪಕ್ಕದವನ ಬೆಳೆಗೆ ಬಾಯಿ ಹಾಕದಂತೆ ನೋಡಿಕೊಳ್ಳುವುದು ನಾಯಿಯ ಹೊಣೆ. ನಾಯಿ ಆ ಸಾಲಿನ ಮೇಲೆಯೇ ಈ ತುದಿಯಿಂದ ಆ ತುದಿಗೆ ಗಂಟೆಗಟ್ಟಲೆ ಓಡಾಡುತ್ತದೆ. ಸುಮ್ಮಸುಮ್ಮನೆ ಬೊಗಳುವುದಿಲ್ಲ, ಕುರಿಗಳನ್ನು ಅಟ್ಟಾಡಿಸುವುದಿಲ್ಲ. ಅವು ಸಾಲಿನ ಹತ್ತಿರ ಬಂದಾಗ ತಾನು ಅಲ್ಲಿ ಹಾಜರಿರುತ್ತದೆ. ತಾನೂ ಬೆಳೆಯೊಳಗೆ ಕಾಲಿಡಬಾರದು, ಮೇಯುವ ಮಂದೆಯೊಳಗೂ ನುಗ್ಗಬಾರದು. ಒಟ್ಟಿನಲ್ಲಿ ಅದು ಓಡಾಡುವ ಬೇಲಿ.

ಹಟಮಾರಿ ಕುರಿ ಸಾಲು ದಾಟಿದರೆ ಕತ್ತಿನ ಹಿಂಭಾಗ, ಪಕ್ಕೆ ಅಥವಾ ತೊಡೆಯ ಮಾಂಸಲ ಭಾಗವನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಕೂಡಲೇ ಬಿಡುತ್ತದೆ. ಹರಿಯಬಾರದು, ಜಗ್ಗಾಡಬಾರದು, ಗಾಯವಾಗಬಾರದು. ಎಷ್ಟು ಒತ್ತಡ ಸಾಕು ಎಂಬುದನ್ನು ಆ ಕ್ಷಣದಲ್ಲಿ ನಾಯಿಯೇ ನಿರ್ಧರಿಸಬೇಕು, ಕುರಿಗಾಹಿ ಮಂದೆಯ ಆಚೆ ಬದಿಯಲ್ಲಿರುತ್ತಾನೆ. ಜರ್ಮನಿಯಲ್ಲಿ ಈ ಕೆಲಸಕ್ಕೆ ಇಂದಿಗೂ ಎಚ್‌ಜಿಎಚ್ ಎಂಬ ಪರೀಕ್ಷೆ ಇದೆ. ದೊಡ್ಡಿಯಿಂದ ಕುರಿಗಳನ್ನು ನೂಕುನುಗ್ಗಲಿಲ್ಲದೆ ಹೊರತರುವುದು, ರಸ್ತೆಯಲ್ಲಿ ವಾಹನಗಳಿಗೆ ದಾರಿ ಬಿಡಿಸುವುದು, ಸೇತುವೆ ದಾಟಿಸುವುದು, ಕಿರಿದಾದ ಪಟ್ಟಿಯಲ್ಲಿ ಮೇಯಿಸುವುದು, ಮತ್ತೆ ದೊಡ್ಡಿಗೆ ಸೇರಿಸುವುದು, ಎಲ್ಲವನ್ನೂ ನಿಜವಾದ ಮಂದೆಯ ಜೊತೆ ಮಾಡಿ ತೋರಿಸಬೇಕು.

ಬಾರ್ಡರ್ ಕೋಲಿ ಚದುರಿದ ಕುರಿಗಳನ್ನು ಕಣ್ಣಲ್ಲೇ ಹೆದರಿಸಿ ಒಟ್ಟುಗೂಡಿಸುತ್ತದೆ. ಅದು ಬೇರೆಯೇ ವಿದ್ಯೆ. ನಮ್ಮ ಬಯಲುಸೀಮೆಯ ಕುರಿಗಾಹಿಗಳ ನಾಯಿಗಳದ್ದು ಇನ್ನೂ ಬೇರೆ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಿದ ರಾತ್ರಿ ತೋಳ, ಕಳ್ಳರು ಬಾರದಂತೆ ಕಾಯುವುದು ಅವುಗಳ ಪಾಲು. ಹಗಲಲ್ಲಿ ಮಂದೆ ತಿರುಗಿಸುವುದು ಕುರಿಗಾಹಿಯ ಕೂಗು ಮತ್ತು ಕೋಲು. ಜರ್ಮನ್ ಶೆಫರ್ಡ್‌ನ ರಕ್ತದಲ್ಲಿರುವುದು ಗಡಿ. ಕಾಂಪೌಂಡ್ ಗೋಡೆಯ ಉದ್ದಕ್ಕೂ ಓಡಾಡಿ ಹುಲ್ಲು ಸವೆಸುವುದು, ಓಡುವ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕುವುದು, ವಾಕಿಂಗ್‌ನಲ್ಲಿ ಮನೆಯವರೊಬ್ಬರು ಹಿಂದೆ ಉಳಿದರೆ ತಿರುತಿರುಗಿ ನೋಡಿ ಚಡಪಡಿಸುವುದು, ಇವೆಲ್ಲ ಆ ಸಾಲಿನ ಮೇಲೆ ಕಲಿತ ಪಾಠಗಳೇ.

ಒಬ್ಬ ಅಶ್ವದಳದ ಅಧಿಕಾರಿ ಕಟ್ಟಿದ ತಳಿ

19ನೇ ಶತಮಾನದ ಕೊನೆಯವರೆಗೂ ಈ ನಾಯಿಗಳಿಗೆ ಒಂದೇ ರೂಪ ಇರಲಿಲ್ಲ. ತುರಿಂಗಿಯಾದವು ಚಿಕ್ಕವು, ಚುರುಕು, ತೋಳದ ಬೂದುಬಣ್ಣ, ನೆಟ್ಟಗಿನ ಕಿವಿ. ಬಾಲ ಮಾತ್ರ ಸುರುಳಿ. ವುರ್ಟೆಂಬರ್ಗಿನವು ದೊಡ್ಡವು, ಗಟ್ಟಿ ಮೂಳೆಯವು, ಸಮಾಧಾನದವು. ಅಶ್ವದಳದ ಕ್ಯಾಪ್ಟನ್ ಆಗಿದ್ದ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಈ ಎರಡರ ಗುಣವನ್ನೂ ಒಂದೇ ನಾಯಿಯಲ್ಲಿ ತರಲು ಹೊರಟವರು. 1899ರ ಏಪ್ರಿಲ್ 3ರಂದು ಕಾರ್ಲ್ಸ್‌ರೂಹೆಯ ಶ್ವಾನ ಪ್ರದರ್ಶನದಲ್ಲಿ ಹೆಕ್ಟರ್ ಲಿಂಕ್ಸ್‌ರೈನ್ ಎಂಬ ನಾಲ್ಕು ವರ್ಷದ ಗಂಡು ನಾಯಿಯನ್ನು ಕಂಡು, ಕೊಂಡು, ಹೊರಾಂಡ್ ಫಾನ್ ಗ್ರಾಫ್ರಾಟ್ ಎಂದು ಹೆಸರು ಬದಲಿಸಿದರು. ಅದೇ ತಿಂಗಳ 22ರಂದು ಗೆಳೆಯ ಆರ್ಟುರ್ ಮೆಯರ್ ಮತ್ತಿತರರ ಜೊತೆ ಸೇರಿ ತಳಿಯ ಸಂಘ ಎಸ್‌ವಿ ಶುರು ಮಾಡಿದರು. ಅದರ ವಂಶಾವಳಿ ಪುಸ್ತಕದ ಮೊದಲ ನಮೂದು ಹೊರಾಂಡ್.

ಮುಂದಿನ ಕೆಲಸ ನಡೆದದ್ದು ಬಹಳ ಹತ್ತಿರದ ಸಂಬಂಧಗಳೊಳಗೆ. ಹೊರಾಂಡ್, ಅವನ ಮಗ ಹೆಕ್ಟರ್ ಫಾನ್ ಶ್ವಾಬೆನ್, ಮೊಮ್ಮಗ ಬೇವುಲ್ಫ್, ಇವರ ಸಂತಾನವನ್ನೇ ಮತ್ತೆ ಮತ್ತೆ ಕೂಡಿಸಿದರು. ತಳಿಗೆ ಒಂದು ರೂಪ ಬೇಗ ಬಂತು. ರಕ್ತದ ವೈವಿಧ್ಯ ಆರಂಭದಲ್ಲೇ ಕಿರಿದಾಯಿತು. 1920ರ ದಶಕಕ್ಕೆ ಪ್ರದರ್ಶನದ ನಾಯಿಗಳು ಎತ್ತರವಾಗಿ, ಚೌಕಾಕಾರವಾಗಿ ಬೆಳೆಯತೊಡಗಿದಾಗ ಸ್ಟೆಫಾನಿಟ್ಸ್ 1925ರಲ್ಲಿ ಕ್ಲೋಡೋ ಫಾನ್ ಬಾಕ್ಸ್‌ಬರ್ಗ್ ಎಂಬ ತಗ್ಗಾದ, ಉದ್ದ ಮೈಯ ನಾಯಿಗೆ ಮೊದಲ ಸ್ಥಾನ ಕೊಟ್ಟು ದಿಕ್ಕು ತಿರುಗಿಸಿದರು. ಒಬ್ಬ ತೀರ್ಪುಗಾರ ಒಂದು ದಿನ ಮಾಡಿದ ಆಯ್ಕೆ ತಳಿಯ ಬೆನ್ನಿನ ಗೆರೆಯನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕುರಿಸಾಕಣೆ ಇಳಿಮುಖವಾಗುವುದನ್ನು ಸ್ಟೆಫಾನಿಟ್ಸ್ ಮೊದಲೇ ಅರಿತು ಪೊಲೀಸ್, ಸೇನೆಯ ಕೆಲಸಕ್ಕೆ ತಳಿಯನ್ನು ಒಗ್ಗಿಸಿದರು. ಮೊದಲ ಮಹಾಯುದ್ಧದಲ್ಲಿ ಈ ನಾಯಿಗಳು ಸಂದೇಶ ಒಯ್ದವು, ಗಾಯಾಳುಗಳನ್ನು ಹುಡುಕಿದವು. ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಓಲ್ಡನ್‌ಬುರ್ಗ್‌ನಲ್ಲಿ ಮಾರ್ಗದರ್ಶಿ ನಾಯಿಗಳ ಶಾಲೆ ಆರಂಭವಾಯಿತು. 1928ರಲ್ಲಿ ಅಮೆರಿಕದ ಅಂಧ ಯುವಕ ಮಾರಿಸ್ ಫ್ರ್ಯಾಂಕ್ ಸ್ವಿಟ್ಜರ್ಲೆಂಡಿನಿಂದ ಕರೆದೊಯ್ದ ಮಾರ್ಗದರ್ಶಿ ನಾಯಿ ‘ಬಡ್ಡಿ’ ಕೂಡ ಹೆಣ್ಣು ಶೆಫರ್ಡ್. ಯುದ್ಧದ ನಂತರ ಬ್ರಿಟನ್ನಿನಲ್ಲಿ ಜರ್ಮನಿಯ ಹೆಸರೇ ಬೇಡವೆಂದು ಅಲ್ಸೇಷಿಯನ್ ಎಂದು ಕರೆದರು. 1977ರವರೆಗೂ ಅಲ್ಲಿನ ಕೆನೆಲ್ ಕ್ಲಬ್ ದಾಖಲೆಯಲ್ಲಿ ಅದೇ ನಡೆಯಿತು. ನಮ್ಮಲ್ಲಿ ಹಳಬರು ಈಗಲೂ ಅಲ್ಸೇಷಿಯನ್ ಅನ್ನುವುದು ಬ್ರಿಟಿಷರ ಬಳಕೆಯಿಂದ ಬಂದದ್ದು. ಎರಡೂ ಒಂದೇ ತಳಿ, ಯಾರಾದರೂ ಬೇರೆ ಎಂದು ಹೇಳಿ ಹೆಚ್ಚು ದುಡ್ಡು ಕೇಳಿದರೆ ನಂಬಬೇಡಿ.

ಮರಿ ಆರಿಸುವಾಗ

ತಳಿಯ ಮಾನದಂಡದಲ್ಲಿ ಗಂಡಿನ ಎತ್ತರ ಭುಜದ ಹತ್ತಿರ 60 ರಿಂದ 65 ಸೆಂ.ಮೀ., ತೂಕ 30 ರಿಂದ 40 ಕೆ.ಜಿ.; ಹೆಣ್ಣು 55 ರಿಂದ 60 ಸೆಂ.ಮೀ., 22 ರಿಂದ 32 ಕೆ.ಜಿ. ಮೈಯ ಉದ್ದ ಎತ್ತರಕ್ಕಿಂತ ಶೇ 10 ರಿಂದ 17 ಹೆಚ್ಚು. ಈ ಅಳತೆಗಳ ಹಿಂದಿರುವುದು ಟ್ರಾಟ್, ಅಂದರೆ ನಡಿಗೆಗೂ ಓಟಕ್ಕೂ ನಡುವಿನ ಆ ಹದವಾದ ಹೆಜ್ಜೆ. ಸಾಲಿನ ಮೇಲೆ ದಿನವಿಡೀ ಓಡಾಡುವ ನಾಯಿಗೆ ಕಡಿಮೆ ಶ್ರಮದಲ್ಲಿ ಹೆಚ್ಚು ದೂರ ಕ್ರಮಿಸುವ ನಡೆ ಬೇಕಿತ್ತು. ಜರ್ಮನಿಯಲ್ಲಿ ಸಂತಾನಕ್ಕೆ ಬಿಡುವ ನಾಯಿ ಇಂದಿಗೂ ಸೈಕಲ್ ಪಕ್ಕದಲ್ಲಿ 20 ಕಿ.ಮೀ. ಓಡುವ ಸಹನಶಕ್ತಿ ಪರೀಕ್ಷೆ ಪಾಸಾಗಬೇಕು. ನಮ್ಮ ಮಾರುಕಟ್ಟೆಯಲ್ಲಿ ಹೊಗಳಿ ಮಾರುವ 50 ಕೆ.ಜಿ.ಯ ‘ಡಬಲ್ ಬೋನ್’ ನಾಯಿ ಈ ತಳಿಯ ಹೆಮ್ಮೆಯಲ್ಲ, ಕೀಲುಗಳಿಗೆ ಹೊರೆ.

ಇನ್ನೊಂದು ಅತಿರೇಕ ಬೆನ್ನು ಇಳಿಜಾರಾಗಿ ಹಿಂಗಾಲು ಕುಕ್ಕರಿಸಿದಂತೆ ಕಾಣುವ ನಾಯಿ. 2016ರ ಕ್ರಫ್ಟ್ಸ್ ಪ್ರದರ್ಶನದಲ್ಲಿ ಇಂಥ ನಾಯಿಯೊಂದು ಗೆದ್ದು ಬ್ರಿಟನ್ನಿನಲ್ಲಿ ದೊಡ್ಡ ಗದ್ದಲವೇ ಆಯಿತು. ಪ್ರದರ್ಶನದ ವಂಶ, ಕೆಲಸದ ವಂಶ ಎಂದು ಈಗ ತಳಿ ಎರಡು ಕವಲಾಗಿದೆ. ಕಪ್ಪು ಮತ್ತು ಕೆಂಗಂದು ಬಣ್ಣ, ಹೆಚ್ಚು ಬಾಗಿದ ಹಿಂಗಾಲು ಪ್ರದರ್ಶನದವಕ್ಕೆ. ತೋಳಬಣ್ಣ ಅಥವಾ ಗಾಢ ಕಪ್ಪು, ನೇರ ಬೆನ್ನು, ಸುಮ್ಮನಿರಲಾರದ ಸ್ವಭಾವ ಕೆಲಸದವಕ್ಕೆ. ಮನೆಗೆ ಎರಡರಲ್ಲಿ ಯಾವುದಾದರೂ ಸರಿ, ಆದರೆ ಕೆಲಸದ ವಂಶದ ಮರಿಯನ್ನು ದಿನಕ್ಕೆ ಎರಡು ಗಂಟೆ ಕೊಡಲಾಗದವರು ತರಬಾರದು.

ಮರಿಯ ತಾಯಿಯನ್ನು ಕಣ್ಣಾರೆ ನೋಡಿ. ಅದನ್ನು ಹಿಂದಿನಿಂದ ನಡೆಸಿ ನೋಡಿದಾಗ ಹಿಂಗಾಲಿನ ಗೆಣ್ಣುಗಳು ಒಂದಕ್ಕೊಂದು ತಾಗಬಾರದು, ಸೊಂಟ ಅತ್ತಿತ್ತ ತೂಗಾಡಬಾರದು. ಅಪರಿಚಿತರನ್ನು ಕಂಡು ಮೂಲೆಗೆ ಸೇರುವ ತಾಯಿಯ ಮರಿ ಬೇಡ. ಹೆದರಿಕೆ ವಂಶದಲ್ಲಿ ಇಳಿಯುತ್ತದೆ, ಮತ್ತು ಹೆದರಿದ ದೊಡ್ಡ ನಾಯಿಯೇ ಕಚ್ಚುವುದು. ತಂದೆ ತಾಯಿಯ ಸೊಂಟ ಮತ್ತು ಮೊಣಕೈ ಎಕ್ಸ್‌ರೇ ವರದಿ ಕೇಳಿ. ಕೆನೆಲ್ ಕ್ಲಬ್ ಆಫ್ ಇಂಡಿಯಾ (ಕೆಸಿಐ) ಕೊಡುವ ಪೇಪರ್ ವಂಶಾವಳಿಯನ್ನಷ್ಟೇ ಹೇಳುತ್ತದೆ, ಕೀಲಿನ ಆರೋಗ್ಯದ ಬಗ್ಗೆ ಒಂದಕ್ಷರ ಹೇಳುವುದಿಲ್ಲ. ಎಕ್ಸ್‌ರೇ ಇಲ್ಲ ಎನ್ನುವವರೇ ಹೆಚ್ಚು. ಆದರೂ ಕೇಳುವವರು ಹೆಚ್ಚಿದರೆ ಮಾತ್ರ ಮಾಡಿಸುವವರೂ ಹೆಚ್ಚುತ್ತಾರೆ. 2017ರ ಶ್ವಾನ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. 30 ದಿನದ ಮರಿ ಕೊಡುವವರ ಹತ್ತಿರ ಹೋಗಲೇಬೇಡಿ. ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದೇ ಒಡಹುಟ್ಟಿದ ಮರಿಗಳ ಜೊತೆ ಆಡುವ ಮುಂದಿನ ನಾಲ್ಕು ವಾರಗಳಲ್ಲಿ.

ಲಸಿಕೆ 6 ರಿಂದ 8 ವಾರಕ್ಕೆ ಆರಂಭವಾಗಿ 3–4 ವಾರಕ್ಕೊಮ್ಮೆ 16 ವಾರದವರೆಗೂ ನಡೆಯಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಪಶುವೈದ್ಯರು ಹೇಳಿದಂತೆ ತಪ್ಪದೆ. ಎರಡೇ ಡೋಸ್ ಹಾಕಿಸಿ ನಿಲ್ಲಿಸಿದ ಮರಿಗಳಿಗೂ ಪಾರ್ವೊ ಎಂಬ ವಾಂತಿಭೇದಿಯ ವೈರಸ್ ರೋಗ ಬರುತ್ತದೆ. ತಾಯಿಯಿಂದ ಬಂದ ಪ್ರತಿರೋಧಕಗಳು ಮೈಯಲ್ಲಿರುವವರೆಗೂ ಲಸಿಕೆ ಹತ್ತುವುದಿಲ್ಲ, ಹಾಗಾಗಿ 16 ವಾರದ ಹೊತ್ತಿಗೆ ಬೀಳುವ ಕೊನೆಯ ಡೋಸೇ ಮುಖ್ಯ.

ಊಟ, ಮೂಳೆ, ಕಿವಿ

ಈ ತಳಿಯಲ್ಲಿ ನಮ್ಮವರು ಅತಿ ಹೆಚ್ಚು ಕೆಡಿಸುವುದು ಮೊದಲ ವರ್ಷದ ಊಟವನ್ನು, ಅದೂ ಪ್ರೀತಿಯಿಂದಲೇ. ಗಂಡು ಮರಿ ಆರು ತಿಂಗಳಿಗೆ ಸುಮಾರು 24 ಕೆ.ಜಿ. ತೂಗುತ್ತದೆ. ಇಷ್ಟು ವೇಗವಾಗಿ ಬೆಳೆಯುವ ಮೈಗೆ ಇನ್ನಷ್ಟು ತಿನ್ನಿಸಿದರೆ ಮೂಳೆ ಗಟ್ಟಿಯಾಗುವ ಮೊದಲೇ ಭಾರ ಕೂರುತ್ತದೆ. ಒಡಹುಟ್ಟಿದ ಜೋಡಿಗಳಾಗಿ ಆರಿಸಿದ 48 ಲ್ಯಾಬ್ರಡಾರ್‌ಗಳ ಮೇಲೆ ಜೀವಮಾನವಿಡೀ ನಡೆದ ಪ್ರಸಿದ್ಧ ಅಧ್ಯಯನದಲ್ಲಿ ಶೇ 25ರಷ್ಟು ಕಡಿಮೆ ತಿಂದ ಗುಂಪಿನ ಸೊಂಟದ ಕೀಲುಗಳು ಚೆನ್ನಾಗಿದ್ದವು, ಮತ್ತು ಅವು ಹೆಚ್ಚುಕಡಿಮೆ ಎರಡು ವರ್ಷ ಹೆಚ್ಚು ಬದುಕಿದವು. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಸುಲಭವಾಗಿ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಒಳಬಾಗಿ ಕಾಣಬೇಕು. ನೆಂಟರು ‘ಯಾಕೆ ಇಷ್ಟು ಸಣ್ಣ?’ ಎಂದು ಕೇಳಿದರೆ ಕೇಳಲಿ.

ಮರಿಗೆ ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಡ್ರೈ ಫುಡ್ ಕೊಡುತ್ತಿದ್ದರೆ ಮೇಲೆ ಕ್ಯಾಲ್ಸಿಯಂ ಸಿರಪ್ ಬೇಡವೇ ಬೇಡ. ಆರು ತಿಂಗಳೊಳಗಿನ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಕೊಟ್ಟದ್ದರಲ್ಲಿ ಬಹುಪಾಲು ಒಳಗೆ ಸೇರುತ್ತದೆ. ಮೃದ್ವಸ್ಥಿ ಮೂಳೆಯಾಗುವ ಕ್ರಮ ತಪ್ಪಿ ಕೀಲುಗಳು ಕೆಡುತ್ತವೆ. ಇಷ್ಟಾದರೂ ಪ್ರತಿ ಊರಿನಲ್ಲೂ ‘ಕಿವಿ ನಿಂತಿಲ್ಲ, ಕ್ಯಾಲ್ಸಿಯಂ ಕೊಡಿ’ ಎನ್ನುವವರಿದ್ದಾರೆ. ಕಿವಿ ನಿಲ್ಲಿಸುವುದು ಮೃದ್ವಸ್ಥಿ ಮತ್ತು ಬುಡದ ಸ್ನಾಯು. ಸಾಮಾನ್ಯವಾಗಿ 3 ರಿಂದ 5 ತಿಂಗಳೊಳಗೆ ಏಳುತ್ತವೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗ ಎದ್ದ ಕಿವಿಯೂ ಮತ್ತೆ ಬೀಳಬಹುದು, ಒಂದು ನಿಂತು ಇನ್ನೊಂದು ತಲೆಯ ಮೇಲೆ ಮಡಚಿಕೊಳ್ಳಬಹುದು. ಆ ವಾರಗಳಲ್ಲಿ ಗಟ್ಟಿ ರಬ್ಬರ್ ಆಟಿಕೆ ಕಡಿಯಲು ಕೊಡಿ, ಮಕ್ಕಳು ಕಿವಿ ಹಿಡಿದು ಆಡದಂತೆ ನೋಡಿ. ಹಲ್ಲುಗಳೆಲ್ಲ ಬಂದ ಮೇಲೂ ಬುಡವೇ ಎದ್ದಿರದಿದ್ದರೆ ಪಶುವೈದ್ಯರಿಗೆ ತೋರಿಸಿ. ಅವರು ಒಳಗೆ ಮೆತ್ತೆ ಇಟ್ಟು ಟೇಪ್ ಸುತ್ತುವುದುಂಟು. ಮನೆಯಲ್ಲಿ ಬಿಗಿಯಾಗಿ ಸುತ್ತಿದರೆ ರಕ್ತ ಓಡದೆ ಕಿವಿಯೇ ಹಾಳಾಗುತ್ತದೆ.

ಬೆಳೆದ ನಾಯಿಗೆ ಮನೆ ಊಟ ಕೊಡಬಹುದು, ಆದರೆ ಮೊಸರನ್ನ, ಹಾಲನ್ನ ಊಟವಲ್ಲ. ದಿನವೂ ವ್ಯಾಯಾಮ ಮಾಡುವ 35 ಕೆ.ಜಿ.ಯ ನಾಯಿಗೆ ದಿನಕ್ಕೆ ಸುಮಾರು 1600 ಕ್ಯಾಲೊರಿ ಬೇಕು. ಹಸಿ ತೂಕದಲ್ಲಿ, ಮೂಳೆ ಮತ್ತು ಚರ್ಮ ತೆಗೆದ ಕೋಳಿಮಾಂಸ 450 ಗ್ರಾಂ, 250 ಗ್ರಾಂ ಅಕ್ಕಿ ಅಥವಾ ರಾಗಿ ಹಿಟ್ಟು, ಕುಂಬಳ, ಕ್ಯಾರೆಟ್, ಹುರುಳಿಕಾಯಿಯಂಥ ತರಕಾರಿ 150 ಗ್ರಾಂ, ಒಂದು ದೊಡ್ಡ ಚಮಚ ಎಣ್ಣೆ ಸೇರಿದರೆ ಅಷ್ಟಾಗುತ್ತದೆ. ಉಪ್ಪು, ಖಾರ, ಒಗ್ಗರಣೆ ಬೇಡ. ಮರಿಗೆ ಬೇಡವೆಂದ ಕ್ಯಾಲ್ಸಿಯಂ ಈ ಊಟಕ್ಕೆ ಮಾತ್ರ ಬೇಕೇ ಬೇಕು, ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ತೀರಾ ಕಡಿಮೆ. ಮೊಟ್ಟೆ ಚಿಪ್ಪನ್ನು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ದಿನಕ್ಕೆ ಒಂದು ಟೀ ಚಮಚ ಕಲಸಿದರೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಸತು, ಅಯೋಡಿನ್, ವಿಟಮಿನ್ ಡಿ ಮತ್ತು ಇ ಇದರಲ್ಲೂ ಸಾಲುವುದಿಲ್ಲ. ವರ್ಷಗಟ್ಟಲೆ ಮನೆ ಊಟ ಕೊಡುವವರು ಪೂರಕಗಳನ್ನು ಪಶುವೈದ್ಯರ ಬಳಿ ಬರೆಸಿಕೊಳ್ಳಬೇಕು. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ವಿಷ. ಪಾಯಸ, ಕೇಸರಿಬಾತಿನ ಒಣದ್ರಾಕ್ಷಿಯೂ ಮೂತ್ರಪಿಂಡ ಕೆಡಿಸುತ್ತದೆ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಐದರಿಂದ ಹದಿನಾಲ್ಕು ತಿಂಗಳೊಳಗೆ ಮರಿ ಇವತ್ತು ಮುಂಗಾಲು, ಮುಂದಿನ ವಾರ ಹಿಂಗಾಲು ಕುಂಟಿದರೆ ಪ್ಯಾನೋಸ್ಟೈಟಿಸ್ ಇರಬಹುದು. ಉದ್ದನೆಯ ಮೂಳೆಗಳ ಒಳಗಿನ ಉರಿಯೂತ ಅದು; ಬೆಳವಣಿಗೆ ಮುಗಿಯುವ ಹೊತ್ತಿಗೆ ತಾನಾಗಿ ಹೋಗುತ್ತದೆ. ನಾವು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗುತ್ತದೆ. ಒಂದೇ ಕಾಲು ಸತತವಾಗಿ ಕುಂಟಿದರೆ, ಮೊಲದಂತೆ ಎರಡೂ ಹಿಂಗಾಲು ಒಟ್ಟಿಗೆ ಎತ್ತಿ ಓಡಿದರೆ, ಎಕ್ಸ್‌ರೇ ಮಾಡಿಸಿ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ನೆಲದ ಮನೆಗಳಲ್ಲಿ ಮರಿ ಓಡಾಡುವ ದಾರಿಗೆ ಕಾಯರ್ ಮ್ಯಾಟ್ ಅಥವಾ ರಬ್ಬರ್ ಹಾಸು ಹಾಕಲೇಬೇಕು. ಜಾರುವ ಕಾಲು ಕೀಲನ್ನು ಸಡಿಲಿಸುತ್ತದೆ. ನಾರ್ವೆಯಲ್ಲಿ ದೊಡ್ಡ ತಳಿಗಳ ಮೇಲೆ ನಡೆದ ಅಧ್ಯಯನವೊಂದು, ಮೂರು ತಿಂಗಳೊಳಗೆ ದಿನವೂ ಮೆಟ್ಟಿಲು ಹತ್ತಿದ ಮರಿಗಳಲ್ಲಿ ಸೊಂಟದ ದೋಷ ಹೆಚ್ಚು, ಮಣ್ಣು ಹುಲ್ಲಿನ ಮೇಲೆ ಬಿಡುಬೀಸಾಗಿ ಆಡಿದವುಗಳಲ್ಲಿ ಕಡಿಮೆ ಎಂದು ತೋರಿಸಿತು. ಮಹಡಿ ಮನೆಯವರು ಆ ತಿಂಗಳುಗಳಲ್ಲಿ ಎತ್ತಿಕೊಂಡೇ ಇಳಿಯಿರಿ.

ಕೆಲಸ ಕೊಡದಿದ್ದರೆ ತಾನೇ ಹುಡುಕಿಕೊಳ್ಳುತ್ತದೆ

ಹಗಲಿಡೀ ಚೈನಿನಲ್ಲಿ ಕಟ್ಟಿಹಾಕಿದ ಶೆಫರ್ಡ್ ಕಾವಲುನಾಯಿ ಆಗುವುದಿಲ್ಲ. ಗಡಿ ಕಾಣುತ್ತದೆ, ತಲುಪಲಾಗುವುದಿಲ್ಲ. ಆ ಹತಾಶೆಯಲ್ಲಿ ಪೇಪರ್ ಹಾಕುವ ಹುಡುಗನಿಂದ ಹಿಡಿದು ಬೆಕ್ಕಿನವರೆಗೆ ಎಲ್ಲರ ಮೇಲೂ ಹಾಯುವುದನ್ನು ಕಲಿಯುತ್ತದೆ. ತನ್ನ ಬಾಲವನ್ನೇ ಅಟ್ಟಿಸಿಕೊಂಡು ಸುತ್ತುವ ಚಟವೂ ಈ ತಳಿಯಲ್ಲಿ ಹೀಗೆ ಶುರುವಾಗುವುದುಂಟು.

ಬೆಳೆದ ನಾಯಿಗೆ ದಿನಕ್ಕೆ ಒಂದೂವರೆಯಿಂದ ಎರಡು ಗಂಟೆ ಬೇಕು, ಅದರಲ್ಲಿ ಅರ್ಧ ಗಂಟೆ ತಲೆಗೆ ಕೆಲಸ. ಚೆಂಡು ಎಸೆದು ಓಡಿಸುವುದಷ್ಟೇ ಸಾಲದು. ಮೈ ದಣಿಯುತ್ತದೆ, ಉದ್ವೇಗ ಇನ್ನೂ ಏರುತ್ತದೆ. ಮೂಗಿನ ಕೆಲಸ ಒಳ್ಳೆಯದು. ಬೆಳಗಿನ ಇಬ್ಬನಿ ಇರುವಾಗ ಹುಲ್ಲಿನ ಮೈದಾನದಲ್ಲಿ ಒಂದು ಕಡೆ ಎರಡೂ ಪಾದ ಊರಿ ಅರ್ಧ ನಿಮಿಷ ಅಲ್ಲೇ ತುಳಿಯಿರಿ. ಅಲ್ಲಿಂದ ನೇರವಾಗಿ, ಹಿಮ್ಮಡಿಗೆ ಹೆಬ್ಬೆರಳು ತಾಗುವಷ್ಟು ಹತ್ತಿರದ 20 ಹೆಜ್ಜೆ ಇಡಿ; ಪ್ರತಿ ಹೆಜ್ಜೆಗುರುತಿನಲ್ಲಿ ಬೇಯಿಸಿದ ಕೋಳಿಯ ಚೂರೊಂದು ಹಾಕಿ, ಕೊನೆಯಲ್ಲಿ ಒಂದು ಹಿಡಿ. ಹತ್ತು ನಿಮಿಷ ಬಿಟ್ಟು, ಹಸಿದ ನಾಯಿಯನ್ನು ಉದ್ದ ಹಗ್ಗದಲ್ಲಿ ತಂದು ತುಳಿದ ಜಾಗ ಮೂಸಲು ಬಿಡಿ. ಮಾತಾಡಬೇಡಿ, ಎಳೆಯಬೇಡಿ. ಹೆಜ್ಜೆ ತಪ್ಪಿದರೆ ಹಗ್ಗ ಹಿಡಿದು ಸುಮ್ಮನೆ ನಿಲ್ಲಿ, ಅದೇ ಹುಡುಕಿಕೊಳ್ಳುತ್ತದೆ. ವಾರಕ್ಕೆ ಮೂರು ಬಾರಿ ಮಾಡಿ, ಹೆಜ್ಜೆ ಹೆಚ್ಚಿಸುತ್ತ, ಚೂರುಗಳನ್ನು ಎರಡು ಮೂರು ಹೆಜ್ಜೆಗೊಂದರಂತೆ ಕಡಿಮೆ ಮಾಡುತ್ತ ಹೋಗಿ. ಗಾಳಿಗೆ ಎದುರಾಗಿ ಜಾಡು ಹಾಕಬಾರದು, ನಾಯಿ ತಲೆಯೆತ್ತಿ ಮುಂದಿನ ಚೂರಿನ ವಾಸನೆ ಹಿಡಿದು ನೇರ ಓಡಿಬಿಡುತ್ತದೆ.

ಮರಿ ಕಚ್ಚುವ ಕಾಲ 8 ವಾರದಿಂದ 5 ತಿಂಗಳು. ಹೊಡೆಯಬೇಡಿ, ಮೂತಿ ಹಿಡಿದು ಒತ್ತಬೇಡಿ. ಹಲ್ಲು ತಾಗಿದ ಕ್ಷಣ ಆಟ ನಿಲ್ಲಿಸಿ, ಎದ್ದು ಅರ್ಧ ನಿಮಿಷ ಕೋಣೆಯಿಂದ ಹೊರಹೋಗಿ. ಈ ವಯಸ್ಸಿನ ಮರಿಗೆ ದಿನಕ್ಕೆ 18 ಗಂಟೆಯಷ್ಟು ನಿದ್ದೆ ಬೇಕು. ಸಂಜೆ ಹುಚ್ಚೆದ್ದು ಕಚ್ಚುವ ಮರಿಗೆ ಹೆಚ್ಚಿನ ಸಲ ಬೇಕಿರುವುದು ಮಲಗುವ ಜಾಗ. 14 ವಾರದೊಳಗೆ ಆಟೋ ಸದ್ದು, ಛತ್ರಿ, ಹೆಲ್ಮೆಟ್, ಬುರ್ಖಾ, ಊರುಗೋಲು, ಸಣ್ಣ ಮಕ್ಕಳು ಎಲ್ಲವನ್ನೂ ದೂರದಿಂದ, ತಿಂಡಿ ಕೊಡುತ್ತ ತೋರಿಸಿ. ಲಸಿಕೆ ಮುಗಿಯದ ಮರಿಯನ್ನು ನೆಲಕ್ಕೆ ಬಿಡದೆ ಎತ್ತಿಕೊಂಡು ತೋರಿಸಬಹುದು.

ಕೂದಲು, ಬಿಸಿಲು, ಉಣ್ಣಿ

ಒರಟು ಮೇಲುಗೂದಲು, ಕೆಳಗೆ ಹತ್ತಿಯಂಥ ಒಳಗೂದಲು. ಬೇಸಿಗೆ ಬಂತೆಂದು ಬೋಳಿಸಬೇಡಿ. ಮೇಲುಗೂದಲು ಬಿಸಿಲನ್ನು ತಡೆಯುತ್ತದೆ, ಬೋಳಿಸಿದ ಮೇಲೆ ಒಳಗೂದಲು ಮೊದಲು ಬೆಳೆದು ಗಂಟುಗಟ್ಟಬಹುದು. ಬೇಕಾದದ್ದು ವಾರಕ್ಕೆ ಎರಡು ಮೂರು ಬಾರಿ ಒಳಗೂದಲ ಬಾಚಣಿಗೆ, ಕೂದಲುದುರುವ ಕಾಲದಲ್ಲಿ ದಿನವೂ. ಸ್ನಾನ ತಿಂಗಳಿಗೊಮ್ಮೆ ಸಾಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬುಡದವರೆಗೂ ಒಣಗದಿದ್ದರೆ ಒಂದೇ ರಾತ್ರಿಯಲ್ಲಿ ಕೀವು ಒಸರುವ ಹುಣ್ಣೇಳುತ್ತದೆ. ಟವೆಲ್ ಸಾಲದು, ತಣ್ಣನೆಯ ಗಾಳಿಯ ಡ್ರೈಯರ್ ಬೇಕು.

ಬೇಸಿಗೆಯಲ್ಲಿ ವಾಕಿಂಗ್ ಬೆಳಿಗ್ಗೆ ಏಳರೊಳಗೆ, ಇಲ್ಲವೇ ಕತ್ತಲಾದ ಮೇಲೆ. ಅಂಗೈ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಬೇಡ. ನಾಲಿಗೆ ಅಗಲವಾಗಿ ಚಾಚಿ ಏದುಸಿರು, ಗಟ್ಟಿ ಜೊಲ್ಲು, ಕಡುಕೆಂಪು ವಸಡು, ತೂರಾಡುವಿಕೆ ಕಂಡರೆ ಬಿಸಿಲಾಘಾತ. ಮೈಯ ಉಷ್ಣತೆ 39.2 ಡಿಗ್ರಿವರೆಗೆ ಸಹಜ, 40.5 ದಾಟಿದರೆ ಅಪಾಯ. ಮೊದಲು ಮೈಪೂರ್ತಿ ನೀರು ಸುರಿದು ಫ್ಯಾನ್ ಹಾಕಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಒದ್ದೆ ಬಟ್ಟೆ ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ.

ಉಣ್ಣಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ನಮ್ಮ ಹವೆಯಲ್ಲಿ ಈ ತಳಿಯನ್ನು ಹೆಚ್ಚು ಕಾಡುವುದು ಇದೇ. ಕಂದು ಉಣ್ಣಿ ರಕ್ತಕಣಗಳಿಗೆ ಸೇರುವ ಎರ್ಲಿಕಿಯಾ, ಬೇಬೀಸಿಯಾ ಎಂಬ ಎರಡೂ ರೋಗಾಣುಗಳನ್ನು ಹರಡುತ್ತದೆ. ಎರ್ಲಿಕಿಯಾ ಜರ್ಮನ್ ಶೆಫರ್ಡ್‌ಗಳಲ್ಲಿ ಬೇರೆ ತಳಿಗಳಿಗಿಂತ ಭೀಕರವಾಗಿ ಎರಗುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆ ಇದರಿಂದ ನೂರಾರು ನಾಯಿಗಳನ್ನು ಕಳೆದುಕೊಂಡಿತು, ಹೆಚ್ಚಿನವು ಇದೇ ತಳಿ. ಊಟ ಬಿಟ್ಟು ಮಂಕಾಗುವುದು, ಜ್ವರ, ಬಿಳಿಚಿದ ವಸಡು, ಹೊಟ್ಟೆಯ ಚರ್ಮದಲ್ಲಿ ಸಣ್ಣ ಕೆಂಪು ಚುಕ್ಕೆ, ಮೂಗಿನಿಂದ ರಕ್ತ, ಕಾಫಿ ಬಣ್ಣದ ಮೂತ್ರ, ಯಾವುದೊಂದು ಕಂಡರೂ ಅಂದೇ ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಎಣಿಕೆ ನೋಡಿಸಿ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ. ಜ್ವರ ಎರಡು ಮೂರು ದಿನದಲ್ಲಿ ಬಿಡುವುದರಿಂದ ಒಂದು ವಾರಕ್ಕೇ ಮಾತ್ರೆ ನಿಲ್ಲಿಸುವವರು ಬಹಳ; ರೋಗಾಣು ಮಜ್ಜೆಯಲ್ಲಿ ಉಳಿದು ತಿಂಗಳುಗಳ ಮೇಲೆ ಮರಳುತ್ತದೆ, ಆಗ ಉಳಿಸಿಕೊಳ್ಳುವುದು ಕಷ್ಟ. ಈ ಮಾತ್ರೆಯನ್ನು ಹಾಲು ಮೊಸರಿನಲ್ಲಿ ಕಲಸಬೇಡಿ, ಸುಣ್ಣದ ಅಂಶ ಅಂಟಿಕೊಂಡು ಮದ್ದಿನ ಒಂದಷ್ಟು ಪಾಲು ಮೈಗೆ ಹತ್ತುವುದಿಲ್ಲ. ಕೋಳಿ ಚೂರಿನೊಳಗೆ ಅಡಗಿಸಿ ಕೊಟ್ಟು ಮೇಲೆ ನೀರು ಕುಡಿಸಿ.

ತಡೆಗೆ ಫ್ಲುರಲಾನರ್ ಮಾತ್ರೆ 12 ವಾರಕ್ಕೊಮ್ಮೆ, ಅಫಾಕ್ಸೊಲಾನರ್ ತಿಂಗಳಿಗೊಮ್ಮೆ, ತೂಕಕ್ಕೆ ತಕ್ಕಂತೆ. ಫಿಟ್ಸ್ ಬಂದ ನಾಯಿಯಾದರೆ ಮೊದಲೇ ವೈದ್ಯರಿಗೆ ಹೇಳಿ. ಉಣ್ಣಿ ತನ್ನ ಬದುಕಿನ ಬಹುಪಾಲು ಕಳೆಯುವುದು ಗೋಡೆಯ ಬಿರುಕು, ಗೂಡಿನ ಮೂಲೆ, ಹಾಸಿಗೆಯ ಅಡಿ. ಅಲ್ಲಿ ಮದ್ದು ಹೊಡೆಯದೆ, ಬಿರುಕು ಮುಚ್ಚದೆ ನಾಯಿಯ ಮೈಗಷ್ಟೇ ಹಚ್ಚಿದರೆ ಮುಗಿಯುವುದಿಲ್ಲ. ಕಚ್ಚಿದ ಉಣ್ಣಿಯನ್ನು ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಕಜ್ಜಿಗೂ ಉಣ್ಣಿಗೂ ಐವರ್‌ಮೆಕ್ಟಿನ್ ಚುಚ್ಚುವ ರೂಢಿ ಊರುಗಳಲ್ಲಿದೆ. ಈ ತಳಿಯ ಕೆಲವು ನಾಯಿಗಳಲ್ಲಿ ಎಂಡಿಆರ್1 ಎಂಬ ವಂಶವಾಹಿ ದೋಷವಿದ್ದು, ದೊಡ್ಡ ಪ್ರಮಾಣದ ಐವರ್‌ಮೆಕ್ಟಿನ್ ಮಿದುಳಿಗೆ ನುಗ್ಗಿ ಕೋಮಾಕ್ಕೆ ದೂಡುತ್ತದೆ. ಬೇರೆ ಮದ್ದು ಕೇಳಿ.

ಹೊಟ್ಟೆ ಮತ್ತು ಹಿಂಗಾಲು

ಆಳವಾದ ಎದೆಯ ಈ ನಾಯಿಗಳಲ್ಲಿ ಜಠರ ಗಾಳಿ ತುಂಬಿ ತಿರುಚಿಕೊಳ್ಳುವುದುಂಟು. ವಾಂತಿ ಮಾಡಲು ಹೋಗಿ ನೊರೆ ಬಿಟ್ಟು ಏನೂ ಬರದಿರುವುದು, ಉಬ್ಬಿದ ಹೊಟ್ಟೆ, ನಿಂತಲ್ಲಿ ನಿಲ್ಲದ ಚಡಪಡಿಕೆ ಇದರ ಗುರುತು. ಬೆಳಗಾಗಲಿ ನೋಡೋಣ ಎನ್ನುವಂತಿಲ್ಲ. ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ, ಶಸ್ತ್ರಚಿಕಿತ್ಸೆಯೇ ದಾರಿ. ರಾತ್ರಿ ತೆರೆದಿರುವ, ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಯ ನಂಬರ್ ಇವತ್ತೇ ಫೋನಿನಲ್ಲಿ ಸೇವ್ ಮಾಡಿ. ದಿನಕ್ಕೆ ಒಂದೇ ದೊಡ್ಡ ಊಟದ ಬದಲು ಎರಡು ಹೊತ್ತು ಕೊಡಿ, ಊಟದ ನಂತರ ಒಂದು ಗಂಟೆ ಓಡಿಸಬೇಡಿ, ಗಬಗಬ ತಿನ್ನುವ ನಾಯಿಗೆ ಉಬ್ಬುತಗ್ಗಿನ ಬಟ್ಟಲಲ್ಲಿ ಬಡಿಸಿ. ಸಂತಾನಹರಣ ಶಸ್ತ್ರಚಿಕಿತ್ಸೆಯ ವೇಳೆಯೇ ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿಸುವ ಬಗ್ಗೆ ಕೇಳುವುದೂ ಒಳ್ಳೆಯದು.

ಎಷ್ಟು ತಿಂದರೂ ಸಣ್ಣಗಾಗುತ್ತ, ರಾಶಿ ರಾಶಿ ಹಳದಿ ಜಿಡ್ಡು ಮಲ ಹಾಕುವ ಎಳೆಯ ನಾಯಿಗೆ ವರ್ಷಗಟ್ಟಲೆ ಜಂತುಮದ್ದು ಕುಡಿಸುವುದನ್ನು ಕಾಣುತ್ತೇವೆ. ಇದು ಮೇದೋಜೀರಕ ಗ್ರಂಥಿ ಕಿಣ್ವ ಮಾಡದ ಇಪಿಐ ಇರಬಹುದು, ಈ ತಳಿಯಲ್ಲಿ ಹೆಚ್ಚು. ಟಿಎಲ್‌ಐ ಎಂಬ ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಪ್ರತಿ ಊಟಕ್ಕೂ ಕಿಣ್ವದ ಪುಡಿ, ಬೇಕಾದರೆ ಬಿ12 ಇಂಜೆಕ್ಷನ್ ಕೊಟ್ಟರೆ ನಾಯಿ ಮತ್ತೆ ತುಂಬಿಕೊಳ್ಳುತ್ತದೆ, ಆದರೆ ಜೀವನಪರ್ಯಂತ ಕೊಡಬೇಕು.

ಆಯಸ್ಸು ಸಾಮಾನ್ಯವಾಗಿ 10 ರಿಂದ 12 ವರ್ಷ. ಎಂಟು ದಾಟಿದ ನಾಯಿ ನಡೆಯುವಾಗ ಹಿಂಗಾಲಿನ ಉಗುರು ನೆಲಕ್ಕೆ ಕೆರೆದು ಮಧ್ಯದ ಎರಡು ಉಗುರು ಮೇಲ್ಬದಿಯಲ್ಲಿ ಸವೆದಿದ್ದರೆ, ಪಾದ ಮಡಚಿ ಇಟ್ಟಾಗ ಕೂಡಲೇ ಸರಿಪಡಿಸಿಕೊಳ್ಳದಿದ್ದರೆ, ಬೆನ್ನುಹುರಿ ಕ್ಷಯಿಸುವ ಡಿಎಂ ಇರಬಹುದು. ಇದರಲ್ಲಿ ನೋವಿಲ್ಲ. ಮುಟ್ಟಿದರೆ ನೋವೆಂದು ತಿರುಗುವ ನಾಯಿಯದ್ದು ಬಹುಶಃ ಸೊಂಟದ ಸಂಧಿವಾತ ಅಥವಾ ಡಿಸ್ಕ್ ತೊಂದರೆ, ಅವಕ್ಕೆ ಮದ್ದಿದೆ; ಹಾಗಾಗಿ ಡಿಎಂ ಎಂದು ಕೈಬಿಡುವ ಮೊದಲು ಎಕ್ಸ್‌ರೇ, ಸಾಧ್ಯವಿದ್ದರೆ ಎಂಆರ್‌ಐ ಮಾಡಿಸಬೇಕು. ಎಸ್‌ಒಡಿ1 ವಂಶವಾಹಿಯ ಪರೀಕ್ಷೆ ಅಪಾಯ ಇದೆಯೇ ಎಂದಷ್ಟೇ ಹೇಳುತ್ತದೆ. ಡಿಎಂ ಗುಣವಾಗುವುದಿಲ್ಲ, ಆದರೆ ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪ ಸ್ವಲ್ಪ ನಡೆಸುವುದು, ನೀರಿನ ವ್ಯಾಯಾಮ, ಫಿಸಿಯೊಥೆರಪಿ ನಡಿಗೆಯನ್ನು ಹೆಚ್ಚು ಕಾಲ ಉಳಿಸುತ್ತವೆ. ಪಾದಕ್ಕೆ ರಬ್ಬರ್ ತಳದ ಬೂಟು, ಸೊಂಟ ಎತ್ತಲು ಹಿಡಿಯಿರುವ ಹಿಂಬದಿ ಬೆಲ್ಟ್ ಹಾಕಿ. ಎದ್ದು ನಿಲ್ಲಲಾಗದ ಹಂತಕ್ಕೆ ಬಂದರೆ ನಾಲ್ಕು ಇಂಚಿನ ಫೋಮ್ ಹಾಸಿಗೆ, ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದು, ಮೂತ್ರ ಪೂರ್ತಿ ಹೋಗುತ್ತಿದೆಯೇ ಎಂದು ಗಮನಿಸುವುದು ಅಗತ್ಯ. ಚೀಲದಲ್ಲಿ ಉಳಿದ ಮೂತ್ರ ಸೋಂಕಾಗುತ್ತದೆ. ಮೂತ್ರ ವಾಸನೆ ಬಂದರೆ, ಬಣ್ಣ ಕದಡಿದರೆ ಕಲ್ಚರ್ ಪರೀಕ್ಷೆ ಮಾಡಿಸಿಯೇ ಆ್ಯಂಟಿಬಯಾಟಿಕ್ ಶುರು ಮಾಡಿ.